ಕೆಳಗಿನ ಸಾಲು

ಮೊಸ್ಯೆ ತುಶೇರ್ ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತಾರೆಂದು ಗೊತ್ತಾದ ದಿನದಿಂದ ನನಗೆ ಒಂದೇ ಚಿಂತೆ ಹತ್ತಿಕೊಂಡಿತು. ಅವರಿಗೆ ಸರಿಯಾಗಿ ಒಂದು ಧನ್ಯವಾದ ಹೇಳಬೇಕು. ಆದರೆ ಹೇಗೆ ಹೇಳುವುದು?

ಅವರು ನಮ್ಮ ಎದುರು ಬಾಗಿಲಿನವರು. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ದೊಡ್ಡ ಮನೆ ಬಿಟ್ಟು ನಮ್ಮ ಕಟ್ಟಡದ ಮೂರನೆಯ ಮಹಡಿಗೆ ಬಂದಿದ್ದರು. ಈಗ ಸೊಂಟದ ಕೀಲು ಸವೆದು ಮೆಟ್ಟಿಲು ಹತ್ತುವುದು ಕಷ್ಟವಾಗಿ, ಆರಾವ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಅವರು ಇಲ್ಲಿಗೆ ಬಂದಾಗ ನನ್ನ ಗಂಡ ಎರ್ವಿನ್‌ಗೆ ಪಾರ್ಶ್ವವಾಯು ಬಡಿದು ಕೆಲವೇ ತಿಂಗಳಾಗಿತ್ತು. ಅವನ ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಕಿವಿ ಚೆನ್ನಾಗಿತ್ತು, ಬುದ್ಧಿ ಇನ್ನೂ ಚೆನ್ನಾಗಿತ್ತು. ಬಾಯಿಂದ ಮಾತ್ರ ಏನೂ ಬರುತ್ತಿರಲಿಲ್ಲ.

ಮೊಸ್ಯೆ ತುಶೇರ್ ಮೊದಲು ಮಾಡಿದ್ದು ತಮ್ಮ ಒಗೆಯುವ ದಿನವನ್ನು ನನಗೆ ಬಿಟ್ಟುಕೊಟ್ಟಿದ್ದು. ನೆಲಮಾಳಿಗೆಯ ಒಗೆಯುವ ಯಂತ್ರಕ್ಕೆ ನಮ್ಮಲ್ಲಿ ಪಾಳಿ ಉಂಟು. ಆ ಪಾಳಿಗಾಗಿ ಅಕ್ಕತಂಗಿಯರೂ ಮಾತು ಬಿಟ್ಟಿರುವುದನ್ನು ನಾನು ನೋಡಿದ್ದೇನೆ. ಮಲಗಿದಲ್ಲೇ ಇರುವ ಗಂಡನ ಹಾಸಿಗೆಯ ಬಟ್ಟೆ ಎಷ್ಟಾಗುತ್ತದೆಂದು ಅವರೇ ಲೆಕ್ಕ ಹಾಕಿ, ಕೇಳದೆಯೇ ಒಗೆಯುವ ಕೋಣೆಯ ಕೀಲಿಕೈ ತಂದುಕೊಟ್ಟರು. ಆಮೇಲೆ ಪ್ರತಿ ಮಂಗಳವಾರ ಸಂಜೆ ಎರ್ವಿನ್ ಜೊತೆ ಕೂತಿರುತ್ತೇನೆ, ನೀವು ಹೊರಗೆ ಹೋಗಿ ಬನ್ನಿ ಎಂದರು. ಎರಡು ಚಳಿಗಾಲ ಹಾಗೆ ಕೂತರು. ಒಂದು ಮಂಗಳವಾರವೂ ತಪ್ಪಲಿಲ್ಲ. ಎರ್ವಿನ್ ಹೋದ ಮೇಲೂ ವರ್ಷಗಟ್ಟಲೆ ಎದುರು ಬಾಗಿಲಲ್ಲೇ ಇದ್ದರು. ಇಷ್ಟಕ್ಕೆಲ್ಲ ನನ್ನಿಂದ ಅವರಿಗೆ ಸಂದದ್ದು ‘ಮೆರ್ಸಿ’ ಎಂಬ ಒಂದು ಮಾತು ಮತ್ತು ಪ್ಲಮ್ ಹಣ್ಣಿನ ಕೇಕು.

ಯಾಕೆಂದರೆ ಅವರೊಡನೆ ನಾನು ಆಡಬೇಕಾಗಿದ್ದುದು ಫ್ರೆಂಚ್.

ನಮ್ಮೂರಿಗೆ ಎರಡು ಹೆಸರು. ಜರ್ಮನ್ ಆಡುವವರಿಗೆ ಬೀಲ್, ಫ್ರೆಂಚ್ ಆಡುವವರಿಗೆ ಬಿಯೆನ್. ಇಲ್ಲಿಯ ಮರ್ಯಾದೆ ಏನೆಂದರೆ, ಇಬ್ಬರು ಎದುರಾದಾಗ ಯಾರು ಮೊದಲು ಬಾಯಿ ತೆರೆಯುತ್ತಾರೋ ಅವರ ಭಾಷೆಯಲ್ಲೇ ಇನ್ನೊಬ್ಬರು ಉತ್ತರ ಕೊಡಬೇಕು. ಅಂಗಡಿಯಲ್ಲೂ ಹಾಗೆ, ಆಸ್ಪತ್ರೆಯಲ್ಲೂ ಹಾಗೆ. ಮೊದಲ ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಅವರು ಟೋಪಿ ತೆಗೆದು “ಬೊಂಜೂರ್, ಮದಾಮ್” ಎಂದರು. ನಾನು ಸೇಲ್ಯಾಂಡ್ ಹಳ್ಳಿಯವಳು, ಮನೆಯಲ್ಲೂ ಕನಸಿನಲ್ಲೂ ಬರ್ನ್ ಸೀಮೆಯ ಜರ್ಮನ್ ಆಡುವವಳು. ಆದರೂ ಮರ್ಯಾದೆ ಬಿಡಲಾಗುತ್ತದೆಯೇ? “ಬೊಂಜೂರ್, ಮೊಸ್ಯೆ” ಎಂದೆ. ಅಲ್ಲಿಗೆ ಗಂಟು ಬಿತ್ತು. ಒಮ್ಮೆ ಬಿದ್ದ ಗಂಟನ್ನು ಆಮೇಲೆ ಬಿಚ್ಚಲು ನನಗೆ ಧೈರ್ಯ ಬರಲಿಲ್ಲ. ಅವರೆದುರು ಎರ್ವಿನ್ ಜೊತೆಗೂ ಫ್ರೆಂಚಿನಲ್ಲೇ ಮಾತಾಡುತ್ತಿದ್ದೆ. ಅವನು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದ.

ಅವರು ಅಂಚೆಯವನ ಜೊತೆ ಜರ್ಮನ್ ಆಡುವುದನ್ನು ಕೇಳಿದ್ದೆ. ಅಂಚೆಯವನು ಜರ್ಮನ್, ಅದಕ್ಕೇ ಇವರು ಆಡುತ್ತಾರೆ, ಎಂಥ ಸಭ್ಯರು ಎಂದುಕೊಂಡಿದ್ದೆ.

ನನ್ನ ಫ್ರೆಂಚು ಶಾಲೆಯದು, ಅದೂ ಅರೆಬರೆ. ಆದ್ದರಿಂದ ಅವರು ಬಿಡುವು ಮಾಡಿಕೊಟ್ಟ ಮಂಗಳವಾರದ ಸಂಜೆಗಳಲ್ಲಿ ನಾನು ಹೋಗಿದ್ದು ಸಂಜೆ ತರಗತಿಯ ಫ್ರೆಂಚ್ ಪಾಠಕ್ಕೆ. ಅವರಿಗೆ ಮಾತ್ರ ತರಗತಿ ಎಂದಷ್ಟೇ ಹೇಳಿದ್ದೆ, ಯಾವ ಪಾಠವೆಂದು ಹೇಳಲು ನಾಚಿಕೆ. ಅಲ್ಲಿ ರೈಲಿನ ಸಮಯ ಕೇಳುವುದು, ಡಾಕ್ಟರಿಗೆ ಎಲ್ಲಿ ನೋವೆಂದು ಹೇಳುವುದು, ಮನೆ ಮಾಲೀಕರಿಗೆ ದೂರು ಬರೆಯುವುದು ಎಲ್ಲ ಹೇಳಿಕೊಟ್ಟರು. ಮನಸ್ಸಿನಲ್ಲಿದ್ದುದನ್ನು ಹೇಳುವುದು ಯಾವ ಪಾಠದಲ್ಲೂ ಬರಲಿಲ್ಲ. ಅಥವಾ ಬಂದ ದಿನ ನಾನು ಗಮನ ಕೊಟ್ಟಿರಲಿಲ್ಲ.

ಸಿನಿಮಾಗೆ ಕರೆದುಕೊಂಡು ಹೋಗೋಣ ಎಂದು ತೀರ್ಮಾನಿಸಿದಾಗ ತಂಗಿ ಹನ್ನಿ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು.

“ಲೇ ಮಾರ್ಲೀ, ಈ ವಯಸ್ಸಲ್ಲಿ ಫ್ರೆಂಚ್ ಮುದುಕನ ಜೊತೆ ಸಿನಿಮಾನಾ? ಊರಿಗೆಲ್ಲ ಹೇಳ್ತೀನಿ ನೋಡು.”

“ಹೇಳ್ಕೋ ಹೋಗು. ಅವರು ಹೊರಟು ಹೋಗ್ತಿದ್ದಾರೆ ಕಣೇ. ನಾನು ಏನೂ ಹೇಳ್ದೇ ಕಳಿಸಿಬಿಡ್ಲಾ?”

“ಕೇಕ್ ಮಾಡಿಕೊಡು.”

“ಕೇಕು ಅವರು ಬಂದಾಗಿನಿಂದ ಕೊಡ್ತಿದ್ದೀನಿ. ಅವರಿಗೆ ಪ್ಲಮ್ ಅಂದ್ರೆ ಆಗುತ್ತೋ ಇಲ್ವೋ ಅದೂ ಗೊತ್ತಿಲ್ಲ ನಂಗೆ.”

“ಸರಿ, ಥಿಯೇಟರಿನ ಕತ್ತಲಲ್ಲಿ ಹೆಂಗೆ ಥ್ಯಾಂಕ್ಸ್ ಹೇಳ್ತೀಯಾ? ಕೈ ಹಿಡ್ಕೊಂಡಾ?”

“ಹನ್ನೀ!”

“ಆಯ್ತು ಮಾರಾಯ್ತಿ, ಸುಮ್ನಾದೆ.”

ನನ್ನ ಲೆಕ್ಕ ಹೀಗಿತ್ತು. ನಮ್ಮೂರಿನ ಥಿಯೇಟರುಗಳಲ್ಲಿ ಪರದೇಶದ ಚಿತ್ರವನ್ನು ಅದರ ಭಾಷೆಯಲ್ಲೇ ತೋರಿಸುತ್ತಾರೆ. ತೆರೆಯ ಅಡಿಯಲ್ಲಿ ಎರಡು ಸಾಲು ಅಕ್ಷರ. ಮೇಲಿನದು ಜರ್ಮನ್, ಕೆಳಗಿನದು ಫ್ರೆಂಚ್. ಅವರವರ ಸಾಲನ್ನು ಅವರವರು ಓದಿಕೊಳ್ಳಬಹುದು. ಯಾರೂ ಯಾರಿಗೂ ಸಭ್ಯತೆ ತೋರಿಸಬೇಕಾಗಿಲ್ಲ. ಊರಿನಲ್ಲಿ ಮೊಸ್ಯೆ ತುಶೇರ್ ಮತ್ತು ನಾನು ಅಕ್ಕಪಕ್ಕ ಕೂತು, ಇಬ್ಬರೂ ಕಷ್ಟಪಡದೆ ಒಂದೇ ಕಥೆ ಕೇಳಬಹುದಾದ ಜಾಗ ಅದೊಂದೇ. ಬೇಕೆಂದೇ ಪೋರ್ಚುಗಲ್‌ನ ಚಿತ್ರ ಆರಿಸಿದೆ. ಇಬ್ಬರಿಗೂ ಪೋರ್ಚುಗೀಸ್ ಬಾರದು, ಅಜ್ಞಾನದಲ್ಲಾದರೂ ಸಮಾನರಾಗಿರುತ್ತೇವೆ. ನಡುವೆ ಮಧ್ಯಂತರ ಇರುತ್ತದೆ. ದೀಪ ಹಾಕುತ್ತಾರೆ, ಐಸ್‌ಕ್ರೀಮ್ ಬರುತ್ತದೆ. ಆಗ ಹೇಳಬೇಕಾದ್ದನ್ನು ಹೇಳಿಬಿಡುವುದು. ಅದಕ್ಕಾಗಿ ಸಂಜೆ ತರಗತಿಯಲ್ಲಿ ಪಾಠ ಹೇಳುತ್ತಿದ್ದ ಮಾಮ್ಜೆಲ್ ಹತ್ತಿರ ಹೋಗಿ ಎರಡು ವಾಕ್ಯ ಹೇಳಿಸಿಕೊಂಡು ಬಾಯಿಪಾಠ ಮಾಡಿದ್ದೆ.

ಭಾನುವಾರ ಮಧ್ಯಾಹ್ನದ ಆಟ. ಅರೋರಾ ಥಿಯೇಟರಿಗೆ ಬೇಗನೇ ಹೋದೆವು. ಅವರು ಕಪ್ಪು ಕೋಟು ಹಾಕಿ, ಕೋಲು ಹಿಡಿದು ಬಂದಿದ್ದರು. ಒಳಗೆ ಕಾಲಿಡುತ್ತಿದ್ದ ಹಾಗೆ ಜಾಗದ ಜಗಳ ಶುರುವಾಯಿತು.

ನಮ್ಮೂರಲ್ಲಿ ಫ್ರೆಂಚಿನವರಿಗೆ ಮುಂದೆ ಕೂತವರ ತಲೆಯೇ ಶತ್ರು. ಮೇಲಿನ ಸಾಲು ಹೇಗೋ ಕಾಣುತ್ತದೆ. ಎತ್ತರದವರು ಯಾರಾದರೂ ಮುಂದೆ ಕೂತರೆ ಕೆಳಗಿನ ಸಾಲು ಅವರ ತಲೆಗೂದಲಲ್ಲಿ ಹೂತು ಹೋಗುತ್ತದೆ. ಅದಕ್ಕೆ ನಾನು ಮುಂದೆ ಕುಳ್ಳನೆಯ ಹುಡುಗಿಯೊಬ್ಬಳು ಕೂತಿದ್ದ ಆಸನ ಹುಡುಕಿ ಅವರಿಗೆ ತೋರಿಸಿದೆ. ಅದರ ಪಕ್ಕದ ಆಸನದ ಮುಂದೆ ಗೂಳಿಯಂಥ ಒಬ್ಬ ಮನುಷ್ಯ.

ಇನ್ನು ನಮ್ಮ ಫ್ರೆಂಚು. ಅದು ಇಸ್ತ್ರಿ ಹಾಕಿದ ಬಟ್ಟೆಯಂತೆ ಸೆಟೆದುಕೊಂಡಿರುತ್ತಿತ್ತು. ಅದನ್ನು ಇದ್ದ ಹಾಗೇ ಕೊಡುತ್ತೇನೆ.

“ತಾವು ಇಲ್ಲಿ ಆಸೀನರಾಗಬೇಕು, ಮೊಸ್ಯೆ.”

“ಸರ್ವಥಾ ಇಲ್ಲ, ಮದಾಮ್. ಈ ಸ್ಥಳವು ತಮಗೆ ಯೋಗ್ಯವಾದುದು.”

“ತಮಗೆ ಸ್ಪಷ್ಟವಾಗಿ ಕಾಣಿಸುವುದು ಮುಖ್ಯ.”

“ತಮಗೆ ಕಾಣಿಸುವುದು ಅದಕ್ಕಿಂತ ಮುಖ್ಯ, ಮದಾಮ್.”

ಹಿಂದಿನಿಂದ ಒಬ್ಬಾಕೆ, “ಇಬ್ರಲ್ಲಿ ಯಾರಾದ್ರೂ ಒಬ್ರು ಕೂತ್ಕೊಳ್ರಪ್ಪಾ, ಇಲ್ಲಾಂದ್ರೆ ನಾನೇ ಬಂದು ಕೂತ್ಕೋತೀನಿ” ಎಂದಳು. ನನಗೆ ಮುಖ ಕೆಂಪಾಯಿತು. ಕೊನೆಗೆ ಸೋತಿದ್ದು ನಾನು. ಕುಳ್ಳ ಹುಡುಗಿಯ ಹಿಂದೆ ಕೂತೆ. ಕೃತಜ್ಞತೆ ಹೇಳಲು ಕರೆದುಕೊಂಡು ಬಂದು ಒಳ್ಳೆಯ ಜಾಗವನ್ನು ನಾನೇ ಹಿಡಿದೆನಲ್ಲ ಎಂದು ಮೊದಲರ್ಧ ಪೂರ್ತಿ ಕೊರಗಿದೆ. ಆಗಾಗ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಅವರು ಕತ್ತು ಆಚೆ ಈಚೆ ಹೊರಳಿಸದೆ ನೆಟ್ಟಗೆ ಕೂತಿದ್ದರು. ಪಾಪ, ಗೂಳಿಯ ತಲೆ ನೋಡುತ್ತಾ ಕೂತಿದ್ದಾರೆ, ಸಂಕೋಚಕ್ಕೆ ಅಲುಗಾಡುತ್ತಲೂ ಇಲ್ಲ ಎಂದುಕೊಂಡೆ.

ಚಿತ್ರ ಸಮುದ್ರ ದಡದ ಹಳ್ಳಿಯೊಂದರದು. ಬ್ರೆಡ್ ಸುಡುವ ಒಬ್ಬ ವಿಧವೆ, ದೀಪಸ್ತಂಭ ಕಾಯುವ ಒಬ್ಬ ಮುಂಗೋಪಿ, ಇಬ್ಬರ ನಡುವೆ ಒಂದು ಪೋಲಿ ಮೇಕೆ. ನಗು ಬರುವ ಕಡೆ ಥಿಯೇಟರು ಎರಡು ಸಲ ನಗುತ್ತಿತ್ತು, ಬೇಗ ಓದಿ ಮುಗಿಸಿದ ಭಾಷೆಯವರು ಮೊದಲು, ಉಳಿದವರು ಆಮೇಲೆ. ಅದು ಇಲ್ಲಿ ಯಾವಾಗಲೂ ಹಾಗೆಯೇ.

ಮಧ್ಯಂತರ ಬಂತು. ಮೇಕೆ ಬೇಲಿ ಹಾರುತ್ತಿರುವಾಗಲೇ ಚಿತ್ರ ಕಡಿದು ದೀಪ ಹತ್ತಿತು. ತಟ್ಟೆಯಲ್ಲಿ ಐಸ್‌ಕ್ರೀಮ್ ಹಿಡಿದ ಹೆಂಗಸು ಮುಂದೆ ಬಂದು ನಿಂತಳು. ನಾನು ಹೋಗಿ ಎರಡು ವೆನಿಲ್ಲಾ ತಂದೆ. ಕೂತೆ. ಈಗ ಹೇಳದಿದ್ದರೆ ಇನ್ನಿಲ್ಲ ಎಂದು ಧೈರ್ಯ ಮಾಡಿ, ಉಸಿರು ಎಳೆದುಕೊಂಡು ಹೇಳಿದೆ.

“ಮೊಸ್ಯೆ ತುಶೇರ್, ನನ್ನ ಪತಿಯ ಅನಾರೋಗ್ಯದ ಅವಧಿಯಲ್ಲಿ ತಾವು ಒದಗಿಸಿದ ಅಮೂಲ್ಯ ನೆರವಿಗಾಗಿ ನಾನು ತಮಗೆ ಅನಂತವಾಗಿ ಕೃತಜ್ಞಳಾಗಿದ್ದೇನೆ. ತಮ್ಮ ಮುಂದಿನ ನಿವಾಸದಲ್ಲಿ ತಮಗೆ ಸಕಲ ಶುಭಗಳನ್ನು ಹಾರೈಸುತ್ತೇನೆ.”

ಹೇಳುತ್ತಿದ್ದ ಹಾಗೇ ಗೊತ್ತಾಯಿತು, ಇದು ನಗರಸಭೆಯವರು ನಿವೃತ್ತರಾಗುವ ಗುಮಾಸ್ತರಿಗೆ ಓದುವ ಮಾತು ಎಂದು. ಇದರಲ್ಲಿ ಎರ್ವಿನ್ ಇರಲಿಲ್ಲ, ಮಂಗಳವಾರ ಇರಲಿಲ್ಲ, ನಾನೂ ಇರಲಿಲ್ಲ.

ಅವರು ಚಮಚ ಕೆಳಗಿಟ್ಟು ಸ್ವಲ್ಪ ಬಾಗಿದರು. “ಅದು ಏನೂ ಅಲ್ಲ, ಮದಾಮ್. ಅದು ಅತ್ಯಂತ ಸಹಜವಾದುದು.”

ಅಷ್ಟೇ. ಮುಗಿಯಿತು. ಇಬ್ಬರೂ ಐಸ್‌ಕ್ರೀಮ್ ತಿಂದೆವು. ಇಷ್ಟೇ ಹೇಳಿ ಈ ಮನುಷ್ಯರನ್ನು ಆರಾವ್ ರೈಲು ಹತ್ತಿಸುತ್ತೇನಲ್ಲ, ಉಳಿದಿದ್ದೆಲ್ಲ ನನ್ನೊಳಗೇ ಕೊಳೆಯುತ್ತದಲ್ಲ ಎನಿಸಿತು. ಇನ್ನೇನಾದರೂ ಸೇರಿಸೋಣವೆಂದು ಫ್ರೆಂಚಿನಲ್ಲಿ ಪದ ಹುಡುಕಿದೆ. ಸಿಕ್ಕಿದ್ದೆಲ್ಲ ತರಕಾರಿ ಅಂಗಡಿಯವು.

ದೀಪ ಆರಿತು. ಎರಡನೆಯ ಅರ್ಧ ಶುರುವಾಯಿತು. ಆಗಿನ್ನೂ ರೀಲಿನ ಕಾಲ. ರೀಲು ಬದಲಾಯಿಸುವಾಗ ಏನು ಎಡವಟ್ಟಾಯಿತೋ, ಚಿತ್ರ ತೆರೆಯ ಮೇಲೆ ಕೆಳಕ್ಕೆ ಜಾರಿ ನಿಂತಿತು. ಮೇಲೆ ಒಂದು ಕಪ್ಪು ಪಟ್ಟಿ. ಕೆಳಗೆ ಪಾತ್ರಗಳ ಕಾಲು ಕತ್ತರಿಸಿ ಹೋಗಿತ್ತು. ನಾನು ಗಮನಿಸಲೇ ಇಲ್ಲ, ಓದಿಕೊಂಡು ಹೋಗುತ್ತಿದ್ದೆ. ಬಲಗಡೆಯಿಂದ ಯಾರೋ ಸಿಳ್ಳೆ ಹೊಡೆದರು. ಹಿಂದಿನಿಂದ ಇನ್ನೊಂದು ಸಿಳ್ಳೆ. ಆಮೇಲೆ ಕಾಲು ಬಡಿಯುವ ಸದ್ದು.

“ಅಕ್ಷರ ಎಲ್ರೀ? ಅಕ್ಷರ!”

“ಏಯ್ ಮೇಲಿನೋನೇ, ಚಿತ್ರ ಎತ್ತೋ!”

ಆಗ ನೋಡಿದೆ. ಫ್ರೆಂಚ್ ಸಾಲು ತೆರೆಯಿಂದ ಕೆಳಗೆ ಬಿದ್ದು ಹೋಗಿತ್ತು. ತೆರೆಯ ಸುತ್ತಲಿನ ಕರಿ ಬಟ್ಟೆಯ ಅಂಚಿನಲ್ಲಿ ಅಕ್ಷರಗಳ ನೆತ್ತಿ ಮಾತ್ರ ಮಿಣುಕುತ್ತಿತ್ತು. ಜರ್ಮನ್ ಸಾಲು ಮಾತ್ರ ಸೊಗಸಾಗಿ ನಿಂತಿತ್ತು. ಊರಿನ ಅರ್ಧ ಜನ ಕುರುಡರಾಗಿದ್ದರು, ಇನ್ನರ್ಧ ಆರಾಮವಾಗಿ ಓದುತ್ತಿದ್ದರು.

ನಮ್ಮ ಮುಂದಿದ್ದ ಗೂಳಿ ಎದ್ದು ನಿಂತು, “ಗಲಾಟೆ ಮಾಡ್ಬೇಡ್ರೀ, ಕೂತ್ಕೊಳ್ಳಿ, ನಿಮ್ಗೆ ಕಥೆ ನಾನು ಹೇಳ್ತೀನಿ” ಎಂದ.

ಹಿಂದಿನ ಆ ಹೆಂಗಸು, “ನಿಮ್ಮ ಬಾಯಿಂದ ಕೇಳೋದಕ್ಕಿಂತ ಮೂಕಿ ಚಿತ್ರಾನೇ ವಾಸಿ! ಮೊದ್ಲು ಆ ತಲೆ ಇಳಿಸಿ, ಅದರಿಂದ್ಲೇ ನಮಗೆ ಅರ್ಧ ಚಿತ್ರ ಕಾಣ್ಲಿಲ್ಲ” ಎಂದಳು.

ಎರಡೂ ಭಾಷೆಯವರು ಒಟ್ಟಿಗೆ ನಕ್ಕರು. ಟಿಕೆಟ್ ಕೊಡುವವಳು ಮೆಟ್ಟಿಲು ಹತ್ತಿ ಓಡಿದ್ದು ಕೇಳಿಸಿತು. ಯಂತ್ರದ ಕೋಣೆಯಲ್ಲಿ ಯಾರೂ ಇರಲಿಲ್ಲವಂತೆ; ಆಸಾಮಿ ಸಿಗರೇಟಿಗೆ ಹೋಗಿದ್ದನಂತೆ. ಚಿತ್ರ ಹಾಗೇ ಓಡುತ್ತಿತ್ತು.

ಮೊಸ್ಯೆ ತುಶೇರ್ ಸಿಳ್ಳೆ ಹಾಕಲಿಲ್ಲ, ಕಾಲು ಬಡಿಯಲಿಲ್ಲ, ಸುಮ್ಮನೆ ಕೂತಿದ್ದರು. ಕರೆದವಳಿಗೆ ಬೇಜಾರಾಗಬಾರದೆಂದು ಒಂದು ಮಾತೂ ಅರ್ಥವಾಗದೆ ಕೂತಿದ್ದಾರೆ, ನಾನಾದರೂ ಏನಾದರೂ ಮಾಡಬೇಕು ಎನಿಸಿತು. ಮೇಲಿನ ಸಾಲನ್ನು ಓದಿ ಫ್ರೆಂಚಿಗೆ ತಿರುಗಿಸಿ ಅವರ ಕಿವಿಯಲ್ಲಿ ಹೇಳೋಣವೆಂದು ಬಾಗಿದೆ. ಅದೇ ಹೊತ್ತಿಗೆ ಅವರೂ ನನ್ನ ಕಡೆ ಬಾಗಿದರು. ತಲೆಗೆ ತಲೆ ತಾಗಿತು.

“ಮೊಸ್ಯೆ, ಆ ಮೇಕೆಯು ಮತ್ತೊಮ್ಮೆ ಛಾವಣಿಯ ಮೇಲಿದೆ,” ಎಂದು ನಾನು ಪಿಸುಗುಟ್ಟಿದೆ.

“ಮದಾಮ್, ಮೇಕೆಯು ಪುನಃ ಛಾವಣಿಯನ್ನು ಏರಿದೆ,” ಎಂದು ಅವರು ಪಿಸುಗುಟ್ಟಿದರು.

ನಾನು ಹೇಳಿದ್ದು ಸರಿಯಾಗಿ ಕೇಳಿಸಿತೇ ಎಂದು ಮತ್ತೆ ಹೇಳಿ ನೋಡುತ್ತಿದ್ದಾರೆ ಎಂದುಕೊಂಡೆ. ತೆರೆಯ ಮೇಲೆ ಮುಂದಿನ ಸಾಲು ಬಂತು. ನಾನು ಫ್ರೆಂಚಿನಲ್ಲಿ ಏಣಿಗೆ ಏನೆನ್ನುತ್ತಾರೆಂದು ತಡಕಾಡುತ್ತಿರುವಾಗ ಅವರೇ ಹೇಳಿದರು.

“ಆಕೆಯು ಒಂದು ಏಣಿಯನ್ನು ಕೇಳುತ್ತಿದ್ದಾಳೆ, ಮದಾಮ್. ತಾವು ಚಿಂತಿಸಬೇಡಿ, ನಾನು ತಮಗೆ ಎಲ್ಲವನ್ನೂ ಹೇಳುತ್ತೇನೆ.”

ನಾನು ಅವರ ಮುಖ ನೋಡಿದೆ. ತೆರೆಯ ಬೆಳಕಿನಲ್ಲಿ ಅದು ತುಂಬ ಕಾಳಜಿಯಿಂದ ನನ್ನನ್ನೇ ನೋಡುತ್ತಿತ್ತು.

“ತಾವು ಮೇಲಿನ ಸಾಲನ್ನು ಓದಬಲ್ಲಿರಾ, ಮೊಸ್ಯೆ?”

“ಸಂಶಯವೇಕೆ? ನಾನು ಸದಾ ಅದನ್ನೇ ಓದುತ್ತೇನೆ. ಆದರೆ ಈಗ ತಮ್ಮ ಸಾಲು ಕಾಣಿಸುತ್ತಿಲ್ಲವಾದ್ದರಿಂದ...”

“ನನ್ನ ಸಾಲು ಕಾಣಿಸುತ್ತಿದೆ,” ಎಂದೆ. “ನನ್ನದೂ ಅದೇ.”

ಅವರು ಬಾಯಿ ತೆರೆದರು, ಮುಚ್ಚಿದರು. ಆಮೇಲೆ ಆ ಬಾಯಿಂದ ನಮ್ಮ ಅಪ್ಪನ ದನದ ಕೊಟ್ಟಿಗೆಯಲ್ಲಿ ಕೇಳುತ್ತಿದ್ದಂಥ ಅಪ್ಪಟ ಬರ್ನ್ ಸೀಮೆಯ ಜರ್ಮನ್ ಹೊರಬಿತ್ತು.

“ಥೂ ಇದರ! ರೀ, ನೀವು ನಮ್ಮೋರೇನ್ರೀ?”

“ಹೂಂ ಕಣ್ರೀ!”

“ಮತ್ತೆ ಬಾಗಿಲ ಮೇಲೆ ವೂಮಾರ್ ಅಂತ ಹಾಕ್ಕೊಂಡಿದ್ದೀರಲ್ಲ! ಅಪ್ಪಟ ಫ್ರೆಂಚ್ ಹೆಸರು!”

“ಅದು ಎರ್ವಿನ್ ಮನೆತನದ ಹೆಸರು. ಅವರ ಅಜ್ಜನ ಕಾಲದಲ್ಲೇ ಅವರೆಲ್ಲ ಜರ್ಮನ್ ಆಡೋಕೆ ಶುರು ಮಾಡಿದ್ರು. ಹೆಸರೊಂದು ಉಳ್ಕೊಂಡಿತ್ತು. ನೀವೇ ಮೊದ್ಲು ಬೊಂಜೂರ್ ಅಂದಿದ್ದು!”

“ಹೆಸರು ನೋಡಿ ಅಂದೆ ಕಣ್ರೀ, ಮರ್ಯಾದೆಗೆ! ಯಾವೂರು ನಿಮ್ದು?”

“ಆರ್ಬೆರ್ಗ್ ಹತ್ರ. ಸಕ್ಕರೆ ಕಾರ್ಖಾನೆ ಇದ್ಯಲ್ಲ, ಅದರ ಹಿಂದಿನ ಹಳ್ಳಿ.”

“ಅಯ್ಯೋ ದೇವರೇ! ನಾನು ಲಿಸ್‌ನೋನು! ಸೈಕಲ್ ಹತ್ತಿದ್ರೆ ಬೆವರು ಬರೋಷ್ಟರಲ್ಲಿ ನಿಮ್ಮೂರು!”

ನನಗೆ ನಗು ಬಂತು. ತಡೆಯಲು ಹೋದಷ್ಟೂ ಹೆಚ್ಚಾಯಿತು. ಅವರು ಕರವಸ್ತ್ರ ಬಾಯಿಗೆ ತುರುಕಿಕೊಂಡು ಭುಜ ಕುಣಿಸುತ್ತಿದ್ದರು. ಹಿಂದಿನ ಹೆಂಗಸು, “ನೋಡಿ, ಇವರಿಗೆ ಓದೋಕೆ ಸಿಗ್ತಿದೆ ಅಂತ ಹೆಂಗೆ ನಗ್ತಿದ್ದಾರೆ, ನಾಚಿಕೆ ಇಲ್ಲ!” ಎಂದು ಬೈದಳು. ಅಷ್ಟರಲ್ಲಿ ಚಿತ್ರ ಒಮ್ಮೆ ಕುಲುಕಿ ಮೇಲಕ್ಕೆ ಹೋಯಿತು. ಫ್ರೆಂಚಿನವರೆಲ್ಲ ಚಪ್ಪಾಳೆ ತಟ್ಟಿದರು. ಮೇಕೆಯ ಕಥೆ ಹೇಗೆ ಮುಗಿಯಿತೋ ಕೇಳಬೇಡಿ. ನಾವಿಬ್ಬರೂ ನೋಡಲಿಲ್ಲ.

ಹೊರಗೆ ಬಂದಾಗ ಮಾತ್ರ ನನಗೆ ದಿಗಿಲಾಯಿತು.

ಬಸ್ ನಿಲ್ದಾಣಕ್ಕೆ ಕಾಲುವೆಯ ದಡದಲ್ಲಿ ನಿಧಾನವಾಗಿ ನಡೆಯುತ್ತಿದ್ದೆವು. ಇಷ್ಟು ವರ್ಷ ನಾನು ಬಲ್ಲ ಮನುಷ್ಯ ಫ್ರೆಂಚಿನವರು. ಕಡಿಮೆ ಮಾತು, ಗಂಭೀರ, ಪ್ರತಿ ವಾಕ್ಯಕ್ಕೂ ಒಂದು ಮದಾಮ್. ಈಗ ಪಕ್ಕದಲ್ಲಿ ಕುಂಟುತ್ತಿದ್ದ ಈ ಮುದುಕ ಪಟಪಟನೆ ಮಾತಾಡುತ್ತಿದ್ದರು, ಕಾಲುವೆಯ ಬಾತುಕೋಳಿಗಳನ್ನು ಬೈಯುತ್ತಿದ್ದರು, ಸೊಂಟ ನೋವಾದಾಗ ನಾನು ಇಲ್ಲಿ ಬರೆಯಲಾರದ ಒಂದು ಶಬ್ದ ಬಳಸುತ್ತಿದ್ದರು. ಇವರು ಯಾರು? ಇವರಿಗೂ ನಾನು ಹಾಗೇ ಹೊಸಬಳಾಗಿ ಕಂಡಿರಬೇಕು. ಭಾಷೆ ಸಿಕ್ಕಿತು, ಪರಿಚಯ ತಪ್ಪಿತು ಎಂಬ ಹಾಗಾಗಿತ್ತು.

“ಟ್ಯೂಷರ್ ಅವ್ರೇ,” ಎಂದೆ. ಅವರ ಹೆಸರನ್ನು ನಮ್ಮ ಕಡೆಯವರಂತೆ ಮೊದಲ ಸಲ ಹೇಳುತ್ತಿದ್ದೆ. “ಒಂದು ವಿಷಯ ಕೇಳ್ಲಾ? ಮಂಗಳವಾರ ನಾನು ಹೋದ್ಮೇಲೆ ನೀವಿಬ್ರೂ ಏನ್ ಮಾಡ್ತಿದ್ರಿ? ನಾನು ಬಂದಾಗ ನೀವು ಎಲ್ಲವೂ ಕ್ಷೇಮ ಮದಾಮ್ ಅಂತಿದ್ರಿ. ಅದಕ್ಕಿಂತ ಜಾಸ್ತಿ ಕೇಳೋಕೆ ನಂಗೆ ಬರ್ತಿರ್ಲಿಲ್ಲ.”

“ಜಾಸ್ತಿ ಹೇಳೋಕೆ ನಂಗೂ ಬರ್ತಿರ್ಲಿಲ್ಲ,” ಎಂದು ಅವರು ನಿಂತರು. ಕೋಲಿನ ಮೇಲೆ ಎರಡೂ ಕೈ ಊರಿದರು. “ಕಾಯಿ ಇಟ್ಟು ಸಾಲುಮನೆ ಆಡ್ತಿದ್ವಿ. ಹಲಗೆ ನೀವೇ ನೋಡಿದ್ದೀರಲ್ಲ. ನಿಮ್ಮ ಯಜಮಾನ್ರು ಮಹಾ ಕಳ್ಳ ಕಣ್ರೀ, ವೂಮಾರಮ್ಮ.”

“ಎರ್ವಿನ್ನಾ?”

“ಮತ್ತೆ! ನಾನು ಕಿಟಕಿ ಕಡೆ ತಿರುಗಿದ್ರೆ ಸಾಕು, ಎಡಗೈಯಲ್ಲಿ ಒಂದು ಕಾಯಿ ಸರಿಸಿಬಿಡೋರು. ಆಮೇಲೆ ಏನೂ ಗೊತ್ತಿಲ್ದೋರ ಹಾಗೆ ಸೂರು ನೋಡೋರು. ಗೊತ್ತಾದ್ಮೇಲೆ ನಾನು ಬೇಕು ಅಂತಾನೇ ಕಿಟಕಿ ಹತ್ರ ಹೋಗಿ, ಆಹಾ ಏನು ಹಿಮ ಬೀಳ್ತಿದೆ ಅಂತ ನಿಂತ್ಕೋತಿದ್ದೆ. ಹಿಮ ಇರ್ತಿರ್ಲಿಲ್ಲ, ಏನೂ ಇರ್ತಿರ್ಲಿಲ್ಲ.”

ಎರ್ವಿನ್ ಇಸ್ಪೀಟಿನಲ್ಲಿಯೂ ಹಾಗೇ ಕದಿಯುತ್ತಿದ್ದ, ಮದುವೆಯಾದ ಹೊಸತರಲ್ಲಿ. ಕಾಯಿಲೆಯಲ್ಲಿ ಅದೆಲ್ಲ ಹೋಯಿತೆಂದುಕೊಂಡಿದ್ದೆ.

“ಇನ್ನೊಂದು,” ಎಂದರು ಟ್ಯೂಷರ್. “ಕೆಳಗೆ ನಿಮ್ಮ ಹೆಜ್ಜೆ ಸದ್ದು ಕೇಳಿದ ತಕ್ಷಣ ಹಲಗೆ ಪಕ್ಕಕ್ಕೆ ತಳ್ಳೋರು. ಎಡಗೈಯಲ್ಲಿ ತಲೆಗೂದಲು ಸರಿ ಮಾಡ್ಕೊಳ್ಳೋರು. ಸರಿಯಾಗಿದೆಯಾ ಅಂತ ನನ್ನ ಮುಖ ನೋಡೋರು. ನಾನು ಹೂಂ ಅಂದ್ಮೇಲೇ ಬಾಗಿಲ ಕಡೆ ತಿರುಗ್ತಿದ್ದಿದ್ದು. ಪ್ರತಿ ಸಲ.”

ನಾನು ಕಾಲುವೆಯ ಕಂಬಿ ಹಿಡಿದುಕೊಂಡೆ. ಆ ದಿನಗಳಲ್ಲಿ ಮನೆಗೆ ಬಂದಾಗ ಅವನ ಕೂದಲು ಒಪ್ಪವಾಗಿರುವುದು ನೋಡಿ, ಇವರೇ ಬಾಚಿರಬೇಕೆಂದು ಅದಕ್ಕೂ ಒಂದು ‘ಮೆರ್ಸಿ’ ಹೇಳಿದ್ದೆ.

ಅತ್ತಿದ್ದು ಸಾಕೆನಿಸಿದಾಗ ಕಣ್ಣೊರೆಸಿಕೊಂಡು ಕೇಳಿದೆ, “ಅವನ ಜೊತೆ ಮಾತೂ ಆಡ್ತಿದ್ರಾ?”

“ಆಡ್ದೇ ಇರ್ತೀನಾ? ರೈಲ್ವೆ ಕಥೆ ಎಲ್ಲಾ ಹೇಳಿದ್ದೀನಿ. ಸಿಗ್ನಲ್ ಕಂಬದ ಮೇಲೆ ಹದ್ದು ಗೂಡು ಕಟ್ಟಿದ್ದು, ಮಂತ್ರಿ ಬಂದಿದ್ದ ರೈಲನ್ನ ನಾನು ನಿಲ್ಲಿಸಿದ್ದು. ಎಲ್ಲಾ ಒಳ್ಳೇ ಫ್ರೆಂಚಲ್ಲಿ, ನಿಧಾನಕ್ಕೆ, ಬಿಡಿಸಿ ಬಿಡಿಸಿ.”

“ಟ್ಯೂಷರ್ ಅವ್ರೇ, ಎರ್ವಿನ್‌ಗೆ ಫ್ರೆಂಚ್ ಒಂದಕ್ಷರ ಬರ್ತಿರ್ಲಿಲ್ಲ.”

ಅವರ ಮುಖ ನೋಡಬೇಕಿತ್ತು.

“ಹೋಗ್ರೀ! ಎರಡು ಚಳಿಗಾಲ! ಕೈಕಾಲಿಲ್ದೋರನ್ನ ಕೂರಿಸ್ಕೊಂಡು ನಾನು ಎರಡು ಚಳಿಗಾಲ ಗೊತ್ತಿಲ್ದಿರೋ ಭಾಷೇಲಿ ಕೊರೆದ್ನಾ? ಆದ್ರೆ ಅವರು ನಗ್ತಿದ್ರಲ್ಲ! ಸರಿಯಾದ ಜಾಗದಲ್ಲೇ ನಗ್ತಿದ್ರು!”

“ನಿಮ್ಮ ಮುಖ ನೋಡಿ ನಗ್ತಿದ್ದ.”

“ಹೌದಾ? ನಾನೇ ದೊಡ್ಡ ಹಾಸ್ಯಗಾರ ಅಂದ್ಕೊಂಡಿದ್ದೆ,” ಎಂದು ಅವರು ಕೆನ್ನೆ ತುರಿಸಿಕೊಂಡರು. ಇಬ್ಬರೂ ಮತ್ತೆ ನಕ್ಕೆವು. ಎದುರಿನಿಂದ ಬರುತ್ತಿದ್ದ ಜೋಡಿಯೊಂದು ನಮಗೆ ದಾರಿ ಬಿಟ್ಟು ಸುತ್ತಿ ಹೋಯಿತು.

ನಿಲ್ದಾಣದ ಬೆಂಚಿನಲ್ಲಿ ಅವರನ್ನು ಕೂರಿಸಿದೆ. ನಾನು ನಿಂತೇ ಇದ್ದೆ. ಕೂತರೆ ಮತ್ತೆ ಧೈರ್ಯ ಹೋಗುತ್ತದೆ ಎನಿಸಿತು.

“ನಾನು ಹೇಳ್ಬೇಕಾದ್ದು ಇನ್ನೂ ಹೇಳಿಲ್ಲ,” ಎಂದೆ.

“ಹೇಳಿದ್ರಲ್ಲ, ಐಸ್‌ಕ್ರೀಮ್ ಹೊತ್ತಲ್ಲಿ. ಅನಂತ ಕೃತಜ್ಞತೆ, ಸಕಲ ಶುಭ, ಅದೂ ಇದೂ. ನಾನು ಎದ್ದು ನಿಲ್ಬೇಕೋ ಏನೋ ಅಂತ ಗಾಬರಿ ಆಗಿತ್ತು.”

“ಅದು ನಮ್ಮ ಫ್ರೆಂಚ್ ಪಾಠದ ಮಾಮ್ಜೆಲ್ ಮಾತು. ಈಗ ನಂದು ಕೇಳಿ. ಮಧ್ಯ ಬಾಯಿ ಹಾಕ್ಬೇಡಿ. ಅದೇನೂ ಅಲ್ಲ ಅಂತ ಮಾತ್ರ ಅನ್ಬೇಡಿ.”

ಅವರು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ತಮಾಷೆ ಬಿಟ್ಟು ನನ್ನ ಮುಖ ನೋಡಿದರು.

“ಮಂಗಳವಾರ ನಾನು ಹೋಗ್ತಿದ್ದಿದ್ದು ಫ್ರೆಂಚ್ ತರಗತಿಗೆ. ಅಲ್ಲಿ ಏನೂ ಕಲೀಲಿಲ್ಲ,” ಎಂದೆ. “ಹಿಂದಿನ ಬೆಂಚಲ್ಲಿ, ಕೋಣೆ ಬೆಚ್ಚಗಿಡೋ ಬಿಸಿ ಕೊಳವೆ ಪಕ್ಕ ಕೂತ್ಕೋತಿದ್ದೆ. ಅಲ್ಲಿ ಯಾರಿಗೂ ನಾನು ಬೇಕಿರ್ಲಿಲ್ಲ. ಯಾರನ್ನೂ ಎತ್ತಿ ಕೂರಿಸ್ಬೇಕಿರ್ಲಿಲ್ಲ, ಯಾರ ಬಾಯಿ ಒರೆಸ್ಬೇಕಿರ್ಲಿಲ್ಲ. ಮಾಮ್ಜೆಲ್ ಕ್ರಿಯಾಪದ ಹೇಳ್ತಾ ಇದ್ರೆ ನಾನು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದ್ದೆ. ನಿಮಗೆ ಇದನ್ನ ಹೇಳೋಕೆ ಹೆದರ್ತಿದ್ದೆ. ನೀವು ನನ್ನ ಓದಿಗೆ ಅಂತ ಸಮಯ ಕೊಡ್ತಿದ್ರಿ. ನಾನು ಗಂಡನ್ನ ಬಿಟ್ಟು ಓಡಿ ಹೋಗಿ ಸುಮ್ನೆ ಕೂತಿರ್ತಿದ್ದೆ.”

ಅವರು ಏನೋ ಹೇಳಹೋದರು. ನಾನು ಕೈ ಎತ್ತಿ ತಡೆದೆ.

“ಸೋಮವಾರ ರಾತ್ರಿ ಹೊತ್ತಿಗೆ ನಂಗೆ ತಲೆ ಸಿಡೀತಿತ್ತು. ಚಮಚ ಬೀಳಿಸಿದ್ರೆ ಅವನ ಮೇಲೆ ಕೂಗ್ಬೇಕು ಅನ್ನಿಸ್ತಿತ್ತು. ಬಾಯಿ ತನಕ ಬರ್ತಿತ್ತು. ಆಗ, ನಾಳೆ ಮಂಗಳವಾರ ಅಂತ ಹೇಳ್ಕೋತಿದ್ದೆ. ನಾಳೆ ಅವರು ಬರ್ತಾರೆ, ಬಾಗಿಲು ತಟ್ತಾರೆ, ಬರ್ದೇ ಇರಲ್ಲ. ಹಾಗೆ ಹೇಳ್ಕೊಂಡು ನುಂಗ್ತಿದ್ದೆ. ಎರ್ವಿನ್ ಹೋಗೋ ತನಕ ನಾನು ಅವನ ಮೇಲೆ ಒಂದು ಸಲಾನೂ ಕೂಗ್ಲಿಲ್ಲ, ಟ್ಯೂಷರ್ ಅವ್ರೇ. ಅವನಿಗೆ ತಿರುಗಿ ಹೇಳೋಕೆ ಬಾಯಿ ಇರ್ಲಿಲ್ಲ. ಒಂದು ಸಲ ಕೂಗಿದ್ರೂ ಈಗ ನಾನು ಅದನ್ನ ಹೊತ್ಕೊಂಡು ತಿರುಗ್ಬೇಕಿತ್ತು. ನಾನು ಹೊತ್ಕೊಂಡಿಲ್ಲ. ರಾತ್ರಿ ಮಲಗಿದ್ರೆ ನಿದ್ದೆ ಬರುತ್ತೆ. ಅದು ನಿಮ್ಮಿಂದ. ನೀವು ಕೊಟ್ಟಿದ್ದು ಅದು.”

ಬಸ್ಸು ಬಂದು ನಿಂತು, ಬಾಗಿಲು ತೆರೆಯಿತು. ಟ್ಯೂಷರ್ ಏಳಲಿಲ್ಲ. ಚಾಲಕ ಇಣುಕಿ, ಹತ್ತುತ್ತೀರಾ ಎಂಬಂತೆ ಹುಬ್ಬೇರಿಸಿದ.

“ಹೊರಡಪ್ಪಾ ನೀನು,” ಎಂದು ಟ್ಯೂಷರ್ ಅವನಿಗೆ ಕೈ ಬೀಸಿದರು. ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿದರು. “ಕೂತ್ಕೊಂಡು ಹೇಳಿ. ಪೂರ್ತಿ ಹೇಳಿ, ನಂಗೇನೂ ಅವಸರ ಇಲ್ಲ.”

ನಾನು ಕೂತೆ. ಬಾಗಿಲು ಮುಚ್ಚಿಕೊಂಡು ಬಸ್ಸು ಹೊರಟಿತು. ನಾನು ಮುಂದುವರಿಸಿದೆ.